ಮತ್ತೋಡಿಗೆ ನಾನು ವಾಪಸ್ ಹೋಗಿರಲಿಲ್ಲ

ರುದ್ರಣ್ಣಾ,

ನಿಮಗೊಂದು ಸುಳ್ಳು ಹೇಳಿದ್ದೆ. ನೀವಿದ್ದಾಗ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ, ನೀವು ತೀರಿಹೋಗಿ ಎರಡು ವರ್ಷವಾದ ಮೇಲೆ ಬಂದಿದೆ. ನಗಬೇಡಿ, ಪೂರ್ತಿ ಕೇಳಿ.

ಮತ್ತೋಡಿನ ಹನುಮಕ್ಕನ ಮನೆ ನೆನಪಿದೆಯಾ? ನಾನು ಸಮೀಕ್ಷೆ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ, ನೀವು ನನ್ನ ಮೇಲ್ವಿಚಾರಕರು. ರಾಜ್ಯದಲ್ಲಿ ಎಷ್ಟು ಮಕ್ಕಳು ಬಡತನದಲ್ಲಿದ್ದಾರೆ ಎಂದು ಅಂದಾಜು ಮಾಡಲು ಆರಿಸಿದ ಕೆಲವೇ ಮನೆಗಳಲ್ಲಿ ಅದೂ ಒಂದು. "ಕುಂತ್ಕಳ್ರಿ, ಟೀ ಕುಡ್ದು ಹೋಗೀರಂತೆ" ಎಂದ ಹನುಮಕ್ಕ, ಐದಾರು ವರ್ಷದ ಮಗಳ ಕೈಗೆ ಲೋಟ ಕೊಟ್ಟು ಹಿತ್ತಿಲ ಬಾಗಿಲಿನಿಂದ ಕಳಿಸಿದರು. ನೀವು ತಕ್ಷಣ, "ನಂಗೆ ಹಾಲು ಹಾಕ್ದೆ ಕೊಡವ್ವ, ಡಾಕ್ಟ್ರು ಬ್ಯಾಡ ಅಂದವ್ರೆ" ಎಂದಿರಿ. ನಾನು ಮಾತ್ರ ಹಾಲಿನ ಟೀ ಹೀರುತ್ತಾ, ಮಕ್ಕಳು ದಿನಾ ಹಾಲು ಕುಡಿಯುತ್ತಾರೆಯೇ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆಯೇ 'ಹೌದು' ಎಂದು ಗುರುತು ಹಾಕಿದೆ. ಹಾಲು ಕಣ್ಣೆದುರೇ ಇತ್ತಲ್ಲ!

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, ನೀವು ಗಟ್ಟಿ ಹಾಲಿನ ಟೀ ತರಿಸಿಕೊಂಡಿರಿ. ಡಾಕ್ಟ್ರು ಬೇಡ ಅಂದಿದ್ದರಲ್ಲ ಎಂದು ಕೇಳಿದೆ.

"ಯಾವ ಡಾಕ್ಟ್ರು ಕಣಮ್ಮ? ಆ ಹಾಲು ಪಕ್ಕದ ಮನೇದು. ಟೀನೇ ಬ್ಯಾಡ ಅಂದ್ರೆ, ಇವ್ರು ನಮ್ಮನೇಲಿ ಕುಡಿಯಲ್ಲ ಅಂತ ನೊಂದ್ಕಂತಾರೆ. ಹೂಂ ಅಂದ್ರೆ ಪಾಪ, ಇನ್ನೊಬ್ಬರ ಬಾಗಿಲಿಗೆ ಹೋಗ್ಬೇಕು. ಅದ್ಕೇ ಹಂಗೆ ಹೇಳೋದು" ಎಂದಿರಿ. ಆಮೇಲೆ ನನ್ನ ಫಾರಂ ನೋಡಿ, "ನಾಳೆ ವಾಪಸ್ ಹೋಗು, ಕೇಳ್ಕಂಡು ಬಾ" ಎಂದಿರಿ.

ನನಗೆ ಮೈಯೆಲ್ಲ ಉರಿಯಿತು. ಇಡೀ ರಾಜ್ಯದಲ್ಲಿ ಒಂದು ಮನೆ ತಪ್ಪಾದರೆ ಏನು ಮುಳುಗಿಹೋಗುತ್ತದೆ ಎಂದು ಜಗಳಕ್ಕೇ ನಿಂತೆ. ನೀವು ದನಿ ಏರಿಸಲಿಲ್ಲ. "ನೀನು ಬರೆಯೋದು ಒಂದು ಮಗು ಅಲ್ಲ ತಾಯಿ. ನಾವು ಹೋಗ್ದೇ ಇರೋ ಸಾವಿರಾರು ಮನೆ ಮಕ್ಕಳು ಅದರ ಹಿಂದೆ ನಿಂತವೆ. ಈ ಹುಡುಗಿ ಹಾಲು ಕುಡಿದ್ಲು ಅಂತ ಬರೆದ್ರೆ ಅಷ್ಟೂ ಮಕ್ಕಳು ಕುಡಿದಂಗೇ ಲೆಕ್ಕ."

ಮರುದಿನ ನಾನು ಹೊಳಲ್ಕೆರೆಗೆ, ನಮ್ಮಕ್ಕನ ಮನೆಗೆ ಹೋದೆ. ಹೋಳಿಗೆ ತಿಂದು ಗಡದ್ದಾಗಿ ಮಲಗಿ, ಸಂಜೆ ನಿಮಗೆ ಫೋನ್ ಮಾಡಿ, "ಕೇಳಿದೆ ರುದ್ರಣ್ಣ, ದಿನಾ ಕುಡಿತಾಳಂತೆ" ಎಂದೆ. ನೀವು "ಹೂಂ" ಎಂದಿರಿ, ಅಷ್ಟೇ. ಆಮೇಲೆ ಪೇಪರಿನಲ್ಲಿ ರಾಜ್ಯದ ಬಡಮಕ್ಕಳ ಅಂದಾಜು ಎಂದು ಏನಾದರೂ ಬಂದರೆ ನಾನು ಆ ಪುಟ ಮಗುಚಿಬಿಡುತ್ತಿದ್ದೆ. ಸಾವಿರಾರು ಮಕ್ಕಳ ಬಾಯಿಗೆ ಇಲ್ಲದ ಹಾಲು ಹೊಯ್ದವಳು ನಾನು, ಇನ್ನೇನು ಮಾಡಲಿ?

ಕಳೆದ ವಾರ ಮತ್ತೋಡಿಗೆ ಹೋಗಿದ್ದೆ. ಈಗ ನಾನೂ ಮೇಲ್ವಿಚಾರಕಿ. ಆ ಮನೆ ಈ ಸಲದ ಪಟ್ಟಿಯಲ್ಲಿಲ್ಲ, ನನ್ನ ಮನಸ್ಸು ತಡೆಯದೆ ಹೋದೆ. ಹಿತ್ತಿಲಲ್ಲಿ ಅವರದೇ ಹಸು ಕಟ್ಟಿತ್ತು. ಹೈಸ್ಕೂಲು ಓದುತ್ತಿರುವ ಮಗಳು ಟೀ ತಂದುಕೊಟ್ಟಳು. ನೀವಿದ್ದಿದ್ದರೆ ಡಾಕ್ಟರನ್ನು ಮರೆತು ಎರಡು ಲೋಟ ಕುಡಿಯುತ್ತಿದ್ದಿರಿ! ಹನುಮಕ್ಕನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು.

"ಅಯ್ಯೋ, ನೀವು ಬಂದೋಗಿ ಮೂರು ದಿನಕ್ಕೆ ಆ ಅಣ್ಣಾರೇ ಬಂದಿದ್ರಲ್ಲವ್ವ! ಹಾಲು ಯಾವಾಗ ಕುಡಿತೀಯ ಪುಟ್ಟಿ ಅಂತ ಇವಳನ್ನೇ ಕೇಳಿದ್ರು. ನೆಂಟ್ರು ಬಂದಾಗ ಅಂದ್ಲು. ಅಲ್ಲೇ ಜಗಲಿ ಮೇಲೆ ಕುಂತು ಕಾಗದ ತಿದ್ದಿದ್ರು."

ರುದ್ರಣ್ಣಾ, ಗೊತ್ತಿತ್ತಲ್ಲ ನಿಮಗೆ! ಗೊತ್ತಿದ್ದೂ ಒಂದು ಮಾತು ಬೈಯಬಾರದಿತ್ತೇ? ಅದೇ ಜಗಲಿಯಲ್ಲಿ ಅತ್ತುಬಿಟ್ಟೆ. ನಾಚಿಕೆಗೋ, ಆ ಮಕ್ಕಳೆಲ್ಲ ಲೆಕ್ಕದಿಂದ ಜಾರಿಹೋಗಿರಲಿಲ್ಲ ಎನ್ನುವ ಸಂತೋಷಕ್ಕೋ...

ಇವತ್ತು ಹಿರಿಯೂರಿನಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಟ್ಯಾಬ್ ತೋರಿಸಿದಳು. ಬಬ್ಬೂರಿನ ಕೂಲಿಕಾರರ ಮನೆ, ಮೂರು ಮಕ್ಕಳು. ದಿನಾ ಹಾಲು, ಮೊಟ್ಟೆ, ಹಣ್ಣು, ಎಲ್ಲಕ್ಕೂ ಹೌದು! "ಮಕ್ಕಳನ್ನ ಕೇಳಿದ್ಯಾ?" ಎಂದೆ. "ಕೇಳ್ದೆ ಮೇಡಂ" ಎಂದಳು, ನನ್ನ ಮುಖ ನೋಡದೆ. ನನಗೆ ಗೊತ್ತಾಗದೇ ಇರುತ್ತದೆಯೇ? ಅದರಲ್ಲಿ ನಾನು ಪಳಗಿದವಳು.

ಆದರೆ ನಾನು ನಿಮ್ಮಷ್ಟು ದೊಡ್ಡ ಮನಸ್ಸಿನವಳಲ್ಲ. ಹೂಂ ಅಂದು ಒಬ್ಬಳೇ ಹೋಗಿ ತಿದ್ದಿ ಬರಲಾರೆ. ಅದೂ ಅಲ್ಲದೆ, ನೀವು ಹಾಗೆ ಮಾಡಿದ್ದರಿಂದ ನಾನು ಇಷ್ಟು ವರ್ಷ ಒದ್ದಾಡಿದ್ದೇನೆ, ಆ ಸಿಟ್ಟೂ ಸ್ವಲ್ಪ ಇದೆ. ನಾಳೆ ಬೆಳಿಗ್ಗೆ ಬಬ್ಬೂರಿಗೆ ಅವಳನ್ನೂ ಕರೆದುಕೊಂಡೇ ಹೋಗುತ್ತೇನೆ. ಬೈಯುವುದಿಲ್ಲ. ಮಕ್ಕಳ ಎದುರು ಅವಳನ್ನು ಕೂರಿಸಿ, ಅವಳ ಬಾಯಿಂದಲೇ ಆ ಪ್ರಶ್ನೆ ಕೇಳಿಸುತ್ತೇನೆ.

ನಿಮ್ಮ ಜಗಳಗಂಟಿ,
ಶಾರದಾ