ವೇಣುವಿನ ಮೂರು ಕ್ಯೂಬುಗಳು

ಬಂಗಾರಪೇಟೆ
6 ಮಾರ್ಚ್ 2024, ಸಂಜೆ

ಪ್ರಿಯ ಪಿಳ್ಳಪ್ಪ,

ನಿನಗೂ, ಈ ಭಾನುವಾರ ನಿನ್ನ ಮನೆಯಲ್ಲಿ ಸೇರಲಿರುವ ನಮ್ಮ ಕಾಲೇಜು ಚರ್ಚಾಕೂಟದ ಗೆಳೆಯರೆಲ್ಲರಿಗೂ ವಂದನೆಗಳು. ನಿನ್ನ ಪತ್ರಗಳಿಗೆ ಉತ್ತರಿಸದೆ ಇದ್ದುದಕ್ಕೆ ಕ್ಷಮೆಯಿರಲಿ. ಹೇಳಲು ಗಟ್ಟಿಯಾದದ್ದೊಂದು ಕೈಗೆ ಸಿಗುವವರೆಗೆ ಬರೆಯಬಾರದೆಂದಿದ್ದೆ. ಮಗ ವೇಣುವಿನ ಹನ್ನೊಂದನೆಯ ದಿನಕ್ಕೆ ನೀವೆಲ್ಲ ಬಂದಿರಿ, ನನ್ನ ಅಂಗಳದಲ್ಲಿ ನಿಂತು ಬಡಿಸಿದಿರಿ, ಅವನ ತಾಯಿ ಅಮ್ಮಾಜಮ್ಮನಿಗೆ ಒಂದು ತುತ್ತು ಉಣ್ಣಿಸಿದಿರಿ. ಅದಕ್ಕೆ ನಾನು ಋಣಿ. ಆದರೆ ಭಾನುವಾರದ ಸಂತಾಪ ಸಭೆ ನನಗೆ ಬೇಡ. ಕನಿಕರವನ್ನು ನಾನು ಸ್ವೀಕರಿಸುವುದಿಲ್ಲ, ಪುರಾವೆಯನ್ನು ಸ್ವೀಕರಿಸುತ್ತೇನೆ. ಇವತ್ತು ಪುರಾವೆ ಸಿಕ್ಕಿತು ಪಿಳ್ಳಪ್ಪ. ಈ ಪತ್ರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದು.

ಸಂಗತಿ ನಿನಗೆ ಗೊತ್ತು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಉರಿಗಾಂನಲ್ಲಿ ಕಟ್ಟುತ್ತಿದ್ದ ಭವನದ ಪೋರ್ಟಿಕೊ ತಾರಸಿ, ಕೆಳಗಿನ ಆಸರೆಗಳನ್ನು ತೆಗೆಯುತ್ತಿದ್ದಂತೆ ಕುಸಿದು ನನ್ನ ಮಗನ ಮೇಲೆ ಬಿತ್ತು. ಕಾಂಕ್ರೀಟು ಕಲಸಿ ಹಾಕಿಸಿದ ಎಂಜಿನಿಯರ್ ವೇಣು. ಆಸರೆ ಬಿಚ್ಚಿದವನು ಸೆಂಟ್ರಿಂಗ್ ಮೇಸ್ತ್ರಿ ಮುನೀಂದ್ರ. ವಿಚಾರಣೆಯ ಮುಂದಿರುವುದು ಎರಡೇ ವಾದ: ಕಾಂಕ್ರೀಟು ದುರ್ಬಲವಾಗಿತ್ತು, ಇಲ್ಲವೇ ಆಸರೆಯನ್ನು ಅವಸರದಲ್ಲಿ ತೆಗೆದರು. ಮೊದಲನೆಯದು ನಿಜವಾದರೆ ತಪ್ಪು ಸತ್ತವನದು, ಎರಡನೆಯದಾದರೆ ಬದುಕಿರುವವನದು. ಸತ್ತವನು ಉತ್ತರ ಕೊಡಲಾರನೆಂದು ಎಷ್ಟೋ ಮಂದಿ ಧೈರ್ಯವಾಗಿ ಮೊದಲನೆಯದನ್ನೇ ಹೇಳುತ್ತಿದ್ದರು.

ಆದರೆ ಅವನು ಉತ್ತರವನ್ನು ಬಿಟ್ಟುಹೋಗಿದ್ದ. ತಾರಸಿ ಹಾಕಿದ ದಿನ ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ಆರಂಗುಲದ ಮೂರು ಕ್ಯೂಬು ಅಚ್ಚು ಹೊಯ್ದು, ಮರುದಿನ ಕೆ.ಜಿ.ಎಫ್.ನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟಿದ್ದ. ಅವು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ನೆನೆದು ಇವತ್ತು ಹೊರಬಂದವು.

ಪ್ರಯೋಗಾಲಯ ನೋಡಿಕೊಳ್ಳುವ ರಾಧಾಮಣಿ ಎಂಬ ಹೆಣ್ಣುಮಗಳು ಮೊದಲ ಕ್ಯೂಬನ್ನು ಒರೆಸಿ ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟಳು. "ಸಾರ್, ನಾನೂರೈವತ್ತು ದಾಟಿದ್ರೆ ಪಾಸು. ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ, ಚೂರು ಸಿಡಿತೈತೆ" ಎಂದಳು. ನಾನು ಹಿಂದೆ ಸರಿಯಲಿಲ್ಲ. ಯಂತ್ರದ ಒತ್ತಡ ತೋರಿಸುವ ಮುಳ್ಳು ಏರತೊಡಗಿತು. ಇನ್ನೂರು, ಮುನ್ನೂರು. ಅಂತರಕಾಲೇಜು ಸ್ಪರ್ಧೆಯಲ್ಲಿ ತೀರ್ಪುಗಾರರು ಚೀಟಿ ಬಿಚ್ಚುವಾಗ ನೀನು ನನ್ನ ತೋಳು ಹಿಡಿದಿದ್ದೆಯಲ್ಲ, ಹಾಗೆ ಯಾರಾದರೂ ಹಿಡಿಯಬೇಕಿತ್ತು ಅನ್ನಿಸಿತು. ನಾನೂರೈವತ್ತು ದಾಟಿತು. ಐನೂರು ದಾಟಿತು. ಆರುನೂರರ ಮೇಲೂ ಅದು ನಿಲ್ಲದೆ ಏರಿ, ಏಳುನೂರರ ಹತ್ತಿರ ಬಂದಾಗ ಕಲ್ಲು ನರಳಿದಂತೆ ಸದ್ದಾಗಿ ಮುಳ್ಳು ಹಿಂದಕ್ಕೆ ಬಿತ್ತು.

"ಅಯ್ಯೋ, ಏನ್ ಗಟ್ಟಿ ಸಾರ್ ಇದು. ಪಯ್ಯನ್ ಬೋ ನೀಟಾಗ್ ಮಾಡವ್ನೆ" ಎಂದು ಅವಳು ಒಡೆದದ್ದನ್ನು ಕೈಯಲ್ಲಿ ಹಿಡಿದು ತೋರಿಸಿದಳು. ನಾಲ್ಕೂ ಬದಿ ಉದುರಿ ನಡುವೆ ಡಮರುವಿನ ಆಕಾರ ಉಳಿದಿತ್ತು. "ಇಂಗ್ ಒಡುದ್ರೆ ಒಳ್ಳೆ ಸಾವು ಅಂತೀವಿ ಸಾರ್ ನಾವು" ಎಂದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

"ಸರಿಯಾಗಿಯೇ ಹೇಳಿದೆಯಮ್ಮ. ಮುಂದಿನದನ್ನು ಇಡು" ಎಂದೆ.

ಉಳಿದೆರಡೂ ಹಾಗೆಯೇ. ಮೂರನೆಯದು ಮೊದಲನೆಯದನ್ನೂ ಮೀರಿಸಿತು. ಪಕ್ಕದ ಕೋಣೆಯ ಹುಡುಗಿಯರೆಲ್ಲ ಬಂದು ನಿಂತಿದ್ದರು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ತಟ್ಟಲಿಲ್ಲ, ಆದರೆ ಅನಿಸಿದ್ದು ಸುಳ್ಳಲ್ಲ.

ವರದಿ ನನ್ನ ಕೈಯಲ್ಲಿದೆ. ಸೋಮವಾರ ವಿಚಾರಣಾಧಿಕಾರಿಯ ಮುಂದೆ ಇಡುತ್ತೇನೆ. ಕಾಂಕ್ರೀಟು ಗಟ್ಟಿಯಾಗಿದ್ದ ಮೇಲೆ ಉಳಿಯುವುದು ಮುನೀಂದ್ರನ ಅವಸರ ಮಾತ್ರ. ಅವನು ಜೈಲು ಸೇರಿದರೆ ನನಗೆ ವ್ಯಥೆಯಿಲ್ಲ. ಅಮ್ಮಾಜಮ್ಮ ವರದಿಯನ್ನು ಮಗನ ಫೋಟೋದ ಮುಂದಿಟ್ಟು, "ನಮ್ ಉಡ್ಗುಂದು ಏನೂ ತಪ್ಪಿಲ್ಲ ಅಂತ ಈ ಬೀದೀಗೆಲ್ಲ ನಾನೇ ಏಳ್ಕಂಡ್ ಬತ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅವನು ಹೋದ ಮೇಲೆ ಅವಳು ಹೊಸ್ತಿಲು ದಾಟಿದ್ದು ಇದೇ ಮೊದಲು.

ನಿನ್ನ ಮಕ್ಕಳು ಮೊಮ್ಮಕ್ಕಳು ನೂರ್ಕಾಲ ಬಾಳಲಿ. ಎಲ್ಲರ ಮೇಲೂ ನನ್ನ ಆಶೀರ್ವಾದವಿದೆ.

ನಿನ್ನ,
ಶ್ರೀನಿವಾಸಪ್ಪ

ಮರೆತ ಮಾತಲ್ಲ, ಹೊಸ ಮಾತು: 7 ಮಾರ್ಚ್, ಬೆಳಿಗ್ಗೆ.

ಲಕೋಟೆ ಅಂಟಿಸುವಷ್ಟರಲ್ಲಿ ಮುನೀಂದ್ರನ ತಾಯಿ ಮುತ್ಯಾಲಮ್ಮ ಬಂದಳು. ಆಕೆಯೂ ಅದೇ ಭವನದಲ್ಲಿ ಕಾಂಕ್ರೀಟು ಹೊತ್ತವಳು. ಮಗನ ಪರವಾಗಿ ಬೇಡಲು ಬಂದಳೆಂದು ನಾನು ಮುಖ ಗಂಟಿಕ್ಕಿದೆ. ಆಕೆ ಬೇಡಲಿಲ್ಲ. ಮಡಿಲಲ್ಲಿದ್ದ ಹೊಸ ಹುಣಸೆಹಣ್ಣನ್ನು ಜಗಲಿಯ ಮೇಲೆ ಸುರಿದು, "ಅಮ್ಮಯ್ಯ ಉಣ್ತಾವ್ರಾ ಸಾಮಿ?" ಎಂದಳು. ಕ್ಯೂಬು ಗೆದ್ದವೆಂದು ನಾನು ಬಿಗುವಾಗಿ ತಿಳಿಸಿದೆ. ಆಕೆಯ ಮುಖ ಅರಳಿತು.

"ಗೆಲ್ದೆ ಇರ್ತವಾ? ಉಣ್ಣೋಕ್ ಮುಂಚೆ ದ್ಯಾವ್ರಿಗೆ ಎಡೆ ತೆಗ್ದಿಕ್ದಂಗೆ, ಲ್ಯಾಬಿಂದು ಮೊದ್ಲೇ ಬ್ಯಾರೆ ಕಲ್ಸಿಕ್ತಿದ್ವಿ. ಜಲ್ಲಿ ತೊಳ್ದು, ಮಳ್ಳು ಜರಡಿ ಇಡ್ದು, ಸಿಮೆಂಟು ಜಾಸ್ತಿ ಆಕಿ ನಾನೇ ಬಾಂಡ್ಲೀಲಿ ಕಲಸ್ಕೊಡ್ತಿದ್ದೆ. ವೇಣಪ್ಪ ಪಕ್ಕದಾಗೇ ಕೂತ್ಕಂಡು ಕುಟ್ಟೋನು."

"ತಾರಸಿಗೆ ಹಾಕಿದ್ದು?"

"ಅದುಕ್ ಯಾರ್ ಅಂಗ್ ಮಾಡ್ತಾರೆ ಸಾಮಿ? ಅದು ಮಿಷನ್ನಾಗೆ, ಎಲ್ಲಾ ಕಡೆ ಆಕ್ದಂಗೆ, ತೆಳ್ಳುಗೆ."

ತಾನು ಏನು ಹೇಳಿದೆನೆಂದು ಆಕೆಗೆ ತಿಳಿಯಲಿಲ್ಲ. ತಾನು ನನ್ನ ಮಗನನ್ನು ಹೊಗಳಿದೆನೆಂದುಕೊಂಡೇ ಎದ್ದುಹೋದಳು.

ಪ್ರಯೋಗಾಲಯಕ್ಕೆ ಹೋದದ್ದು ಒಂದು ಮಿಶ್ರಣ, ಪಿಳ್ಳಪ್ಪ. ನನ್ನ ಮಗನ ಮೇಲೆ ಬಿದ್ದದ್ದು ಇನ್ನೊಂದು. ಎರಡನ್ನೂ ಅವನೇ ಮಾಡಿಸಿದ್ದ.

ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಹೊಡೆದುಹಾಕಿಲ್ಲ. ಭಾನುವಾರ ಅದನ್ನು ಓದು, ಇದನ್ನೂ ಓದು. ನಂಬದ ಪಕ್ಷದಲ್ಲಿ ನಿಂತು ಗೆಲ್ಲುವ ವಿದ್ಯೆ ನನಗೆ ಗೊತ್ತೆಂದು ನಿಮಗೆಲ್ಲ ತಿಳಿದಿದೆ. ಇದನ್ನು ಗೆಲ್ಲುವುದೂ ಕಷ್ಟವಲ್ಲ. ಆದರೆ ಗೆಲ್ಲುವುದಿಲ್ಲ. ಕುಸಿದ ತಾರಸಿಯ ತುಂಡುಗಳು ಇನ್ನೂ ಉರಿಗಾಂನಲ್ಲಿ ಬಿದ್ದಿವೆ. ಅವುಗಳಿಂದ ದುಂಡನೆಯ ತುಂಡು ಕೊರೆದು ತೆಗೆದು ಅದೇ ಯಂತ್ರದಲ್ಲಿ ಒಡೆಯಬೇಕೆಂದು, ವೇಣುವಿನ ಕ್ಯೂಬುಗಳನ್ನು ಬೇರೆಯಾಗಿ ಕಲಸಿದ್ದರೆಂದು, ಸೋಮವಾರದವರೆಗೆ ಕಾಯದೆ ಇವತ್ತೇ ಅಧಿಕಾರಿಗೆ ಬರೆದುಕೊಡುತ್ತೇನೆ. ಒಡೆಯುವಾಗ ಅಲ್ಲಿಯೇ ನಿಂತಿರುತ್ತೇನೆ.

ಅಮ್ಮಾಜಮ್ಮನನ್ನು ಕೇಳಿಲ್ಲ. ನಿನ್ನೆ ಉಳಿದುಹೋದ ಮನೆಗಳಿಗೆ ಹೇಳಿಬರಲು ಹೋಗಿದ್ದಾಳೆ. ಅವಳು ಹಿಂತಿರುಗುವ ಮೊದಲೇ ನಾನು ಕೆ.ಜಿ.ಎಫ್. ಬಸ್ಸು ಹತ್ತಿರುತ್ತೇನೆ.