ಎತ್ತರದ ಯಂತ್ರವೇ ಇರಲಿ

ಮಗಳೇ,

ನಿನ್ನ ಮಾವ ತೀರಿಕೊಂಡರೆಂದು ಫೋನ್ ಬಂದ ದಿನ ನಾನು ನೆಲ ಒರೆಸುತ್ತಿದ್ದೆ. ಅಂದಿನಿಂದ ನನಗೆ ಒರೆಸುವ ಬಟ್ಟೆ ಮುಟ್ಟಲು ಬಿಡದೆ, ಯಾವುದು ವಾಸಿ ನೋಡೋಣವೆಂದು ತಾವೇ ಓಡಾಡಿ ನೆಲ ಗುಡಿಸುವ ಎರಡು ಯಂತ್ರ ತಂದಿಟ್ಟಿದ್ದೀಯ, ಒಂದು ತಗ್ಗಿನದು, ಒಂದು ಎತ್ತರದ್ದು. "ಅತ್ತೆ, ನೆಲ ಒಣಗೋವರೆಗೂ ಮಂಚ ಇಳೀಬೇಡಿ" ಅನ್ನುತ್ತೀಯ. ಸೆರೆಮನೆಯಲ್ಲಾದರೂ ಓಡಾಡಲು ಬಿಡುತ್ತಾರೆ, ತಾಯಿ!

ತಗ್ಗಿನದು ಗುಡಿಸಿ ಒರೆಸುತ್ತದೆ, ನಿಜ. ಆದರೆ ನಿನ್ನೆ ಮಂಚದಡಿ ನುಗ್ಗಿ, ಅಲ್ಲೇ ಇಟ್ಟಿದ್ದ ನಿನ್ನ ಮಾವನ ಚಪ್ಪಲಿಯನ್ನು ಬಾಗಿಲಿನವರೆಗೆ ತಳ್ಳಿತು. ಅವರು ಮತ್ತೊಮ್ಮೆ ಹೊರಟು ನಿಂತಂತಾಯಿತು. ಎತ್ತರದ್ದು ಬರೀ ಗುಡಿಸುತ್ತದೆ, ಮಂಚಕ್ಕೆ ತಲೆ ಬಡಿದು ಹಿಂದಿರುಗುತ್ತದೆ. ಅದೇ ಇರಲಿ. ತಗ್ಗಿನದನ್ನು ಇಂದೇ ಅಂಗಡಿಗೆ ಕೊಟ್ಟುಬಿಡು. ಮಂಚದಡಿಯ ಧೂಳು ನನಗಿರಲಿ.

ಪ್ರಾರ್ಥನೆಗೆ ಹೊರಟೆ. ಒದ್ದೆ ನೆಲದ ಮೇಲೇ ನಡೆದಿದ್ದೇನೆ, ಬಯ್ಯಬೇಡ. ಅಲ್ಲಿ ಕೇಳುವುದು ಇಷ್ಟೇ:

ದೇವರೇ, ಜೀವಮಾನವೆಲ್ಲ ಅಂಚೆ ಹಂಚಿ ದಣಿದ ಅವರ ಕಾಲುಗಳಿಗೆ ನಿನ್ನ ಬಳಿ ವಿಶ್ರಾಂತಿ ಕೊಡು.

ಅತ್ತೆ