ಎಲೆಬುಟ್ಟಿಯ ಹಸಿರು

ಜನವರಿ ೬, ಮಂಗಳವಾರ. ಸವಣೂರು
ಇದನ್ನು ಈ ಡೈರಿಯಲ್ಲಿಯೂ ಬರೆಯದೆ ಬಿಡುವವಳಿದ್ದೆ: ನನ್ನ ಹತ್ತಿರ ಹ್ಯುಮಿಡಿಟಿ ಚೇಂಬರ್, ಅಂದರೆ ಒಳಗಿನ ತೇವ ಆರದಂತೆ ಕಾಯುವ ಯಂತ್ರ, ಇಲ್ಲ. ನನ್ನ ಪಿಎಚ್.ಡಿ. ಥೀಸಿಸ್‌ನ ನಾಲ್ಕನೇ ಅಧ್ಯಾಯದಲ್ಲಿ ಮಾತ್ರ ಇದೆ.
ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿರುವುದು ವೀಳ್ಯದೆಲೆಯ ಬುಟ್ಟಿ. ಅಟೆಂಡರ್ ಮುಮ್ತಾಜಬೇಗಂ ತಂದದ್ದು. ಅವರ ಮನೆಯವರದು ಎಲೆ ವ್ಯಾಪಾರ. ಸೂಕ್ಷ್ಮ ಪಾಲಿಮರ್ ಕಣಗಳ ಹಾಲಿನಂಥ ದ್ರಾವಣ ಗಾಜಿನ ಮೇಲೆ ಒಣಗುವಾಗ ಪ್ರತಿಸಲ ಬಿರುಕು ಬಿಡುತ್ತಿತ್ತು. ಹೋದ ವರ್ಷ ಅದನ್ನು ನೋಡಿ ಅವರು ನಕ್ಕರು.
“ಎಲಿಗೂ ಹಿಂಗ ಗಾಳಿ ಬಿಟ್ರ ಒಣಗಿ ಚೂರಾಗ್ತಾವ್ರಿ ಮೇಡಂ. ಹಸಿ ಗೋಣಿ ಮುಚ್ಚರಿ.”
ಮುಚ್ಚಿದೆ. ನಾಲ್ಕು ದಿನಕ್ಕೆ ಹಸಿರು — ಬಣ್ಣ ಬೆರೆಸದೆ, ಕಣಗಳು ಸಾಲಾಗಿ ಕೂತದ್ದರಿಂದಲೇ ಬಂದ ಹಸಿರು. ಕಣಗಳ ಮೈಗೆ ಆಮ್ಲದ ಗುಂಪುಗಳನ್ನು ಅಂಟಿಸಿದ್ದೇನೆ. ಅಡುಗೆ ಸೋಡಾ ಕರಗಿಸಿದ ನೀರು ಸೋಕಿದರೆ ಉಬ್ಬಿ ಕೆಂಪು. ವಿನೆಗರ್‌ಗೆ ಮತ್ತೆ ಹಸಿರು. ಈ ಕೆಲಸ ನನಗೆ ಗೊತ್ತು. ಸಂಶಯವಿಲ್ಲ.
ಆದರೂ ಬುಟ್ಟಿ ಅಂತ ಇಂಗ್ಲಿಷಿನಲ್ಲಿ ಬರೆಯಲು ಕೈ ಬರಲಿಲ್ಲ. ಯಾಕೆ?

ಜನವರಿ ೯, ಶುಕ್ರವಾರ
ಧಾರವಾಡದಿಂದ ಗೈಡ್ ಪ್ರಭು ಸರ್ ಫೋನ್.
“ನಿಮ್ಮ ಚೇಂಬರ್ ಯಾವ ಕಂಪನೀದ್ರಿ? ನಮ್ಮ ಸ್ಟೂಡೆಂಟ್ ಮದಿಹಾ ನೀವು ಬರ್ದಂಗ ಮಾಡಾಕತ್ತಾಳ. ಮೂರು ತಿಂಗಳಾತು, ಬರೇ ಬಿರುಕು. ತನ್ನ ಕೈಯಾಗ ತಪ್ಪೈತಿ ಅಂತ ಅಳಾಕತ್ತಾಳ.”
“ನೋಡಿ ಹೇಳ್ತೇನ್ರಿ ಸರ್” ಅಂದೆ.
ನೋಡುವುದೇನಿತ್ತು?

ಜನವರಿ ೧೬, ಶುಕ್ರವಾರ, ಸಂಜೆ ೫
ಖಾತ್ರಿಗೆಂದು ಸೋಮವಾರ ಮೂರು ಬುಟ್ಟಿಯಲ್ಲಿ ಒಂದೊಂದು ಗಾಜು ಇಟ್ಟಿದ್ದೆ, ಜೊತೆಗೆ ತೇವ ಅಳೆಯುವ ಮೀಟರ್. ಲ್ಯಾಬಿನಲ್ಲಿ ಶೇಕಡಾ ೪೦, ಬುಟ್ಟಿಯಲ್ಲಿ ೮೮. ಇಂದು ತೆಗೆದೆ. ಮೂರೂ ಹಸಿರು. ಒಂದೂ ಬಿರುಕಿಲ್ಲ.
ಅಧ್ಯಾಯ ತಿದ್ದುತ್ತೇನೆ, ನಿಮ್ಮ ಹೆಸರೂ ಬರೆಯುತ್ತೇನೆ ಎಂದೆ ಮುಮ್ತಾಜಬೇಗಂಗೆ.
“ಸುಳ್ಳು ಬರ್ದಿದ್ರಿ ಅಂತ ಡಿಗ್ರಿ ಕೊಡಲಿಲ್ಲಂದ್ರ?”
“ಕೊಡಲಿಕ್ಕಿಲ್ಲ. ಆರು ವರ್ಷದ ಕೆಲಸ...”
“ಬುಟ್ಟಿ ಅಂತೂ ಎಲ್ಲೂ ಹೋಗೂದಿಲ್ಲ ಬಿಡ್ರಿ.” ಗೋಣಿ ಹಿಂಡುತ್ತಾ ಅಂದರು, “ಹೆಸರು ಹಾಕಿದ್ರ ಪೂರಾ ಹಾಕ್ರಿ. ಬರೇ ಅಟೆಂಡರ್ ಅನಬ್ಯಾಡ್ರಿ, ಮತ್ತ.”

ಜನವರಿ ೧೭, ಶನಿವಾರ
ಪ್ರಭು ಸರ್‌ಗೆ ಪತ್ರ ಬರೆದು ಮುಗಿಯಿತು. ಚೇಂಬರ್ ಇರಲಿಲ್ಲ ಸರ್, ಮದಿಹಾಳ ಕೈಯಲ್ಲಿ ತಪ್ಪಿಲ್ಲ — ಇದು ಮೊದಲ ಸಾಲು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬರೆದು ಮಾಡಿದ ತಪ್ಪು, ಬರೆದೇ ತಿದ್ದಬೇಕು.
ಮೂರು ಗಾಜು ಹತ್ತಿಯಲ್ಲಿ ಸುತ್ತಿದೆ. ಅವನ್ನಿಡಲು ಪೆಟ್ಟಿಗೆ ಹುಡುಕುತ್ತಿದ್ದಾಗ ಮುಮ್ತಾಜಬೇಗಂ ಹೊಸ ಬುಟ್ಟಿ ತಂದರು, ಮದಿಹಾಗೆ ಅಂತ. ಅದರೊಳಗೇ ಎಲ್ಲ ಇಟ್ಟು, ಮೇಲೆ ಬಟ್ಟೆ ಹೊಲಿದೆವು.
ಪತ್ರಕ್ಕೆ ತಾರೀಖು ಈಗಲೇ ಹಾಕಿದ್ದೇನೆ, ಪೋಸ್ಟ್ ಮಾಡುವ ದಿನದ್ದು. ಮನಸ್ಸು ತಿರುಗದಿರಲಿ ಅಂತ. ಪತ್ರದ ತಲೆಯಲ್ಲಿ ಹೀಗಿದೆ:
ಜನವರಿ ೧೯, ಸೋಮವಾರ